ತೋಜ್ಲಿಯ ಹತ್ತು ಮಾತ್ರೆ

ಮೇ ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡ ಕಾಲುವೆಗೆ ನೀರು ಬಿಟ್ಟು ನಾಲ್ಕು ದಿನವಾಗಿತ್ತು. ಅಮು ನದಿಯ ಮಣ್ಣುಬಣ್ಣದ ನೀರು ಚಿಕ್ಕ ಕಾಲುವೆಗಳನ್ನು ತುಂಬಿ, ತೂಬು ದಾಟಿ, ಗದ್ದೆಗಳಲ್ಲಿ ಹರಡಿಕೊಂಡಿತ್ತು. ಗಂಡಸರು ಶರಾಯಿಯನ್ನು ಮೊಣಕಾಲಿಗೆ ಮಡಚಿ ಕೆಸರು ಸಮ ಮಾಡುತ್ತಿದ್ದರು. ಯಾರ ಬತ್ತ ಮೊಳಕೆಯೊಡೆದಿತ್ತೋ ಅವರು ಆಗಲೇ ಎರಚುವುದಕ್ಕೆ ತೊಡಗಿದ್ದರು. ದಾರಿಯುದ್ದಕ್ಕೂ ಹಿಪ್ಪುನೇರಳೆ ಹಣ್ಣು ಉದುರಿ, ನಡೆದವರ ಅಂಗಾಲೆಲ್ಲ ಕಪ್ಪು.

ಆ ಭಾನುವಾರ ಬದುವಿನ ಮೇಲೆ ಚಹಾಕ್ಕೆ ಕುಳಿತಿದ್ದಾಗ ಯಾರೋ ತಮ್ಮ ಕರು ಔಷಧಿ ಉಗುಳುತ್ತದೆಂದು ಗೊಣಗಿದರು. ಮತ್ನಿಯಾಜ್ ಬಟ್ಟಲು ಕೆಳಗಿಟ್ಟ.

“ಔಷಧಿ ಕುಡಿಸೋದು ಒಂದು ವಿದ್ಯೆ ಕಣ್ರಯ್ಯಾ. ಒಂಟೆಗೆ ಕುಡಿಸಿದೀನಿ. ಕಚ್ಚೋ ಕುದುರೆಗೆ ಕುಡಿಸಿದೀನಿ. ಬಾಯಿ ಅಂತ ಒಂದಿದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ.”

ಇದು ಪೂರ್ತಿ ಸುಳ್ಳಲ್ಲ. ಸಾಮೂಹಿಕ ಬೇಸಾಯದ ಕಾಲದಲ್ಲಿ ಎರಡು ಚಳಿಗಾಲ ಅವನು ಪಶುವೈದ್ಯನ ಜೊತೆ ಕೆಲಸ ಮಾಡಿದ್ದು ನಿಜ. ಆದರೆ ಔಷಧಿಯ ಕೆಲಸವೆಲ್ಲ ಬಾಯಿಯ ಕಡೆ ನಡೆಯುತ್ತಿತ್ತು, ಮತ್ನಿಯಾಜ್ ನಿಲ್ಲುತ್ತಿದ್ದದ್ದು ಬಾಲದ ಕಡೆ.

ಆ ಊರಿನಲ್ಲಿ ಮಾತಿಗೆ ಕಾಲು ಹೆಚ್ಚು. ಮತ್ನಿಯಾಜ್ ಸಂಜೆ ಮನೆಗೆ ಬರುವಷ್ಟರಲ್ಲಿ ಅವನ ಜಂಬ ಅವನಿಗಿಂತ ಮುಂಚೆ ಬಂದು, ಅವನ ಅತ್ತೆಯ ಪಕ್ಕದಲ್ಲಿ ಕುಳಿತಿತ್ತು.

ಅತ್ತೆ ಬಿಕಾಜಾನ್ ಪಕ್ಕದೂರಿನವಳು. ಹಿಂದಿನ ಸಂಜೆ ಮುಚ್ಚಿದ ಬುಟ್ಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕತ್ತೆಗಾಡಿಯಲ್ಲಿ ಬಂದಿಳಿದಿದ್ದಳು. ಅವಳು ಬಂದದ್ದನ್ನು ಬೀದಿಯೆಲ್ಲ ನೋಡಿತ್ತು, ಬುಟ್ಟಿಯಲ್ಲಿ ಏನಿದೆಯೆಂದು ಯಾರೂ ನೋಡಿರಲಿಲ್ಲ. ಅದರಲ್ಲಿ ಇದ್ದದ್ದು ತೋಜ್ಲಿ ಎಂಬ ಬಿಳಿ ಬಾತುಕೋಳಿ. ನೆತ್ತಿಯ ಮೇಲೆ ಹತ್ತಿಯುಂಡೆಯಂಥ ಜುಟ್ಟಿದ್ದ ಈ ಬಾತನ್ನು, ಗಂಡ ತೀರಿಕೊಂಡ ವರ್ಷದಿಂದ ಬಿಕಾಜಾನ್ ಒಲೆಯ ಪಕ್ಕದಲ್ಲೇ ಮಲಗಿಸಿ ಸಾಕಿದ್ದಳು. ಈಗ ಅದರ ಅಂಗಾಲಿಗೆ ಏನೋ ಚುಚ್ಚಿ, ಕೀವಾಗಿ, ಕಾಲು ಊರಲಾರದೆ ಕುಳಿತುಬಿಟ್ಟಿತ್ತು.

“ಅಳಿಯಂದ್ರೇ, ಒಂಟೆಗೆಲ್ಲ ಔಷಧಿ ಕುಡಿಸಿದೀರಂತೆ,” ಎಂದಳು ಬಿಕಾಜಾನ್. “ನೋಡಿ, ಹತ್ತು ಮಾತ್ರೆ ಕೊಟ್ಟಿದಾರೆ ಡಾಕ್ಟ್ರು. ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಕಡೇ ಪಕ್ಷ ಮೂರು ದಿನದ್ದಾದ್ರೂ ಹೊಟ್ಟೆಗೆ ಹೋಗ್ಲೇಬೇಕಂತೆ. ನಾನೂ ನಿಮ್ಮ ಸನೋಬರೂ ನಾಳೆ ಬೆಳಕು ಹರಿಯೋ ಮುಂಚೆ ಉರ್ಗೆಂಚಿಗೆ ಮದುವೆಗೆ ಹೋಗ್ತಿದೀವಿ. ಶನಿವಾರ ಬೆಳಿಗ್ಗೆ ವಾಪಸ್ಸು.”

“ಅದೇನು ದೊಡ್ಡ ವಿಷಯ ಬಿಡಿ ಅತ್ತೆ.”

“ದೊಡ್ಡದೇ. ನನ್ನ ನಾಲ್ಕು ತನಪು ಗದ್ದೆ ಈ ವರ್ಷ ಯಾರಿಗೆ ಅಂತ ಇನ್ನೂ ಹೇಳಿಲ್ಲ ನಾನು. ದೊಡ್ಡಳಿಯ ಕುರ್ಬಾನ್‌ಬಾಯ್ ದಿನಾ ಬಂದು ಕೇಳ್ತಾನೆ. ಶನಿವಾರ ನಾನು ಬಾಗಿಲಲ್ಲಿ ಇಳಿದಾಗ ತೋಜ್ಲಿ ತನ್ನ ಕಾಲ ಮೇಲೆ ನಡ್ಕೊಂಡು ಬಂದು ನನ್ನ ಎದುರುಗೊಂಡ್ರೆ ಗದ್ದೆ ನಿಮಗೆ. ಇಲ್ದಿದ್ರೆ ಅವನಿಗೆ.”

ಮತ್ನಿಯಾಜ್ ನಕ್ಕ. ಆ ರಾತ್ರಿಯೇ ಎರಡು ಗೋಣಿಚೀಲ ಬತ್ತ ನೆನೆಹಾಕಿದ. ಶನಿವಾರಕ್ಕೆ ಮೊಳಕೆ ಸರಿಯಾಗಿ ಬರುತ್ತದೆ. ನೆನೆದ ಬತ್ತವನ್ನು ಎರಚದಿದ್ದರೆ ಹಾಳೆಂದು ಅವನಿಗೆ ಗೊತ್ತಿತ್ತು. ಆದರೆ ಮತ್ನಿಯಾಜನ ಧೈರ್ಯಕ್ಕೆ ಲೆಕ್ಕದ ಹಂಗು ಎಂದೂ ಇರಲಿಲ್ಲ.

ಸೋಮವಾರ ಕೋಳಿ ಕೂಗುವ ಮುಂಚೆ ಬಿಕಾಜಾನಳ ಸೋದರಳಿಯನ ಕಾರು ಬಂದು ತಾಯಿಮಗಳನ್ನು ಹತ್ತಿಸಿಕೊಂಡು ಹೋಯಿತು. ಬೀದಿಯಲ್ಲಿ ಒಂದು ನಾಯಿ ಮಾತ್ರ ಅದನ್ನು ನೋಡಿತು.

ಮೊದಲ ಮಾತ್ರೆಯನ್ನು ಅವನು ರೊಟ್ಟಿಯ ಚೂರಿನೊಳಗೆ ಅದುಮಿಟ್ಟ. ತೋಜ್ಲಿ ರೊಟ್ಟಿ ತಿಂದಿತು. ಮಾತ್ರೆ ತೊಳೆದಿಟ್ಟಷ್ಟು ಚೊಕ್ಕಟವಾಗಿ ಚಾಪೆಯ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹುಂಜ ಬಂದು ನುಂಗಿತು. ಹುಂಜಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಎರಡನೆಯದನ್ನು ನೀರಿನಲ್ಲಿ ಕರಗಿಸಿ ಬೋಗುಣಿಯಲ್ಲಿಟ್ಟ. ತೋಜ್ಲಿ ಕುಂಟುತ್ತ ಬಂದು ಆ ನೀರಿನಲ್ಲಿ ಕುಳಿತು ಸ್ನಾನ ಮಾಡಿತು.

ಮಂಗಳವಾರ ಬೆಳಗಿನದು ಹಿಪ್ಪುನೇರಳೆ ಹಣ್ಣಿನೊಳಗೆ ಹೋಯಿತು. ಹಣ್ಣು ಒಳಗೆ, ಮಾತ್ರೆ ಹೊರಗೆ, ಅಲ್ಲಿಂದ ಚರಂಡಿಗೆ. ಆಗ ಮತ್ನಿಯಾಜನಿಗೆ ಸಿಟ್ಟು ಬಂತು. ಸಂಜೆ ಹೆಂಡತಿಯ ಹತ್ತಿಕೋಟಿನಲ್ಲಿ ಬಾತನ್ನು ಸುತ್ತಿ, ಕೊಟ್ಟಿಗೆಯಲ್ಲಿ ಮಂಡಿಯೂರಿ ಕುಳಿತು, ಕೊಕ್ಕಿಗೆ ಕೈ ಹಾಕಿದ. ಕುದುರೆಯ ಬಾಲಕ್ಕೂ ಬಾತಿನ ಕೊಕ್ಕಿಗೂ ಇರುವ ವ್ಯತ್ಯಾಸ ಅವನಿಗೆ ಆವತ್ತು ತಿಳಿಯಿತು. ಬಾತಿಗೆ ಹಲ್ಲಿಲ್ಲ ಎನ್ನುವವರು ಅದರಿಂದ ಕಚ್ಚಿಸಿಕೊಂಡವರಲ್ಲ.

“ಬಾಯಿ ತೆಗಿ ನಮ್ಮವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ನುಂಗು ತಾಯೀ! ಅಯ್ಯೋ, ಕಚ್ಬೇಡ, ಕಚ್ಬೇಡ!”

ಮಾತ್ರೆ ಅವನ ಮುಷ್ಟಿಯಲ್ಲೇ ಪುಡಿಯಾಯಿತು.

ಗೋಡೆಯ ಆ ಕಡೆ ಅನಾಬಿಬಿ ತಂದೂರದಿಂದ ರೊಟ್ಟಿ ಬಿಡಿಸುತ್ತಿದ್ದಳು. ಬಾತಿನ ಸದ್ದಿಗೆ ಆ ಊರಿನಲ್ಲಿ ಯಾರೂ ಕಿವಿಗೊಡುವುದಿಲ್ಲ. ಆದರೆ ಗಂಡಸೊಬ್ಬ ಹೀಗೆ ಅಂಗಲಾಚುವ ಸದ್ದು ಅಪರೂಪ. ಬಿಕಾಜಾನ್ ಬಂದಿಳಿದದ್ದನ್ನು ಅವಳು ಕಂಡಿದ್ದಳು. ಆಮೇಲೆ ಎರಡು ದಿನ ಬಿಕಾಜಾನ್ ಹೊರಗೆ ಕಾಣಿಸಿರಲಿಲ್ಲ, ಸನೋಬರ್ ನೀರಿಗೂ ಬಂದಿರಲಿಲ್ಲ. ಅನಾಬಿಬಿ ಎರಡಕ್ಕೆ ಎರಡು ಕೂಡಿಸಿದಳು. ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳು ಪಕ್ಕ ಬಿಟ್ಟೇಳುತ್ತಿಲ್ಲ, ಅಳಿಯ ಔಷಧಿ ಕುಡಿಸುತ್ತಿದ್ದಾನೆ.

ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಅಲ್ಲಿಲ್ಲ. ಬುಧವಾರ ಬೆಳಿಗ್ಗೆ ಅನಾಬಿಬಿ ನೀಲಿ ಅಂಚಿನ ತಟ್ಟೆಯೊಂದಕ್ಕೆ ಬಟ್ಟೆ ಮುಚ್ಚಿಕೊಂಡು ಬಾಗಿಲಿಗೆ ಬಂದಳು.

“ತಮ್ಮಾ, ಅತ್ತೆಗೆ ಹುಷಾರಿಲ್ವಂತೆ?”

‘ಅತ್ತೆಗಲ್ಲ ಅಕ್ಕಾ, ಬಾತಿಗೆ’ ಎನ್ನಲು ಮತ್ನಿಯಾಜ್ ಬಾಯಿ ತೆರೆದ. ಅದೇ ಹೊತ್ತಿಗೆ ಅನಾಬಿಬಿ ಬಟ್ಟೆ ಸರಿಸಿದಳು. ತಟ್ಟೆಯ ತುಂಬ ತುಖುಮ್ ಬರಕ್. ಕಾಗದದಷ್ಟು ತೆಳುವಾದ ಹಿಟ್ಟಿನ ಚೀಲಗಳೊಳಗೆ ಹಸಿ ಮೊಟ್ಟೆ ಹುಯ್ದು, ಬಾಯಿ ಹೊಲಿದಂತೆ ಮುಚ್ಚಿ, ಕುದಿನೀರಿನಲ್ಲಿ ಬೇಯಿಸಿ ತೆಗೆದದ್ದು. ಮೇಲೆ ಎಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು. ಹಬೆಯಾಡುತ್ತಿತ್ತು.

ಮತ್ನಿಯಾಜ್ ಎರಡು ದಿನದಿಂದ ಒಣರೊಟ್ಟಿ ತಿಂದವನು. ಅದೂ ಅಲ್ಲದೆ, ಒಂಟೆಗೆ ಔಷಧಿ ಕುಡಿಸಿದವನು ಬಾತಿನ ಕೈಯಲ್ಲಿ ಸೋತನೆಂದು ಒಪ್ಪಿಕೊಂಡರೆ ಮಧ್ಯಾಹ್ನದೊಳಗೆ ಕಾಲುವೆಯ ಎರಡೂ ದಂಡೆಗೆ ಗೊತ್ತಾಗುತ್ತದೆ. ಸತ್ಯ ಗಂಟಲವರೆಗೆ ಬಂದು, ಘಮ ಮೂಸಿ ಹಿಂದಕ್ಕೆ ಹೋಯಿತು.

“ಹೂಂ ಅಕ್ಕಾ,” ಎಂದ. “ಏನೋ ಸ್ವಲ್ಪ.”

“ಒಂದ್ಗಳಿಗೆ ನೋಡಿ ಮಾತಾಡ್ಸಿ ಹೋಗ್ತೀನಿ.”

“ಬೇಡಿ ಬೇಡಿ. ಯಾರಾದ್ರೂ ಒಳಗೆ ಕಾಲಿಟ್ರೆ ಶಾಪ ಹಾಕ್ತೀನಿ ಅಂದಿದಾರೆ.”

ಬಿಕಾಜಾನಳ ನಾಲಿಗೆಯನ್ನು ಬಲ್ಲ ಅನಾಬಿಬಿ ಇದನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ. ತಟ್ಟೆ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು.

ಮತ್ನಿಯಾಜ್ ಕೊಟ್ಟಿಗೆಯಲ್ಲಿ ಕುಳಿತು ತಿನ್ನುತ್ತಿದ್ದಾಗ ಒಂದು ಬರಕ್ ಬೆರಳಿನಿಂದ ಜಾರಿ ಕೆಳಗೆ ಬಿತ್ತು. ತೋಜ್ಲಿ ಕತ್ತು ನೀಡಿ, ಅದನ್ನು ಹಾಗೆಯೇ ಇಡಿಯಾಗಿ, ಅಗಿಯದೆ, ಮೂಸದೆ, ಗುಳುಕ್ಕೆಂದು ನುಂಗಿತು. ಆ ಉಂಡೆ ಬಿಳಿ ಕುತ್ತಿಗೆಯಲ್ಲಿ ಇಳಿದುಹೋದದ್ದು ಹೊರಗಿನಿಂದಲೇ ಕಾಣಿಸಿತು.

ಮತ್ನಿಯಾಜ್ ತಿನ್ನುವುದನ್ನು ನಿಲ್ಲಿಸಿದ. ಇನ್ನೊಂದು ಬರಕ್ ತೆಗೆದು, ಅಂಚು ಬಿಡಿಸಿ, ಒಳಗೆ ಮಾತ್ರೆ ತೂರಿಸಿ, ಮತ್ತೆ ಅದುಮಿ ನೀಡಿದ. ಗುಳುಕ್. ಅವನು ಚಾಪೆ ನೋಡಿದ, ಚರಂಡಿ ನೋಡಿದ, ಹುಂಜದ ಮುಖ ನೋಡಿದ. ಮಾತ್ರೆ ಎಲ್ಲೂ ಇರಲಿಲ್ಲ.

“ವಿದ್ಯೆ!” ಎಂದ ಬಾತಿಗೆ. “ನಾನು ಹೇಳ್ಲಿಲ್ವಾ?”

ಹತ್ತರಲ್ಲಿ ನಾಲ್ಕು ಹಾಳಾಗಿ, ಒಂದು ಇಳಿದು, ಈಗ ಐದು ಉಳಿದಿದ್ದವು. ಆರೂ ಹೊಟ್ಟೆಗೆ ಹೋದರೆ ಮೂರು ದಿನದ ಲೆಕ್ಕ ಸರಿಹೋಗುತ್ತದೆ. ಒಂದು ತಪ್ಪಿದರೂ ಗದ್ದೆ ಹೋಯಿತು. ಆದರೆ ಬೇಯಿಸಿದ ಬರಕ್ ಹೊತ್ತು ಕಳೆದರೆ ಅಂಟಿಕೊಂಡು ಮುದ್ದೆಯಾಗುತ್ತದೆ, ಮುದ್ದೆಯನ್ನು ತೋಜ್ಲಿ ಮೂಸಿಯೂ ನೋಡದು. ಎರಡು ಹೊತ್ತೂ ಬಿಸಿ ಬರಕ್ ಬೇಕು. ಮತ್ನಿಯಾಜನಿಗೆ ಅದನ್ನು ತಿನ್ನಲು ಬರುತ್ತಿತ್ತೇ ಹೊರತು ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಬೇರೆ ದಾರಿಯಿಲ್ಲದೆ ಅತ್ತೆಯ ಕಾಯಿಲೆಯನ್ನು ಮುಂದುವರಿಸಬೇಕಾಯಿತು.

ಆ ಸಂಜೆ ಅನಾಬಿಬಿ ಗೋಡೆಯ ಮೇಲಿಂದ ಕೇಳಿದಳು. “ಏನಾದ್ರೂ ಸೇರ್ತಾ ಅವರಿಗೆ?”

“ನಿಮ್ಮ ಬರಕ್ ಬಿಟ್ರೆ ಬೇರೆ ಏನೂ ಇಳೀತಿಲ್ಲ ಅಕ್ಕಾ.”

ಆ ಒಂದು ಮಾತು ಸಾಕಾಯಿತು. ಅನಾಬಿಬಿ ಆಗಲೇ ಬಿಸಿ ಬರಕ್ ಬೇಯಿಸಿ, ಅದೇ ನೀಲಿ ಅಂಚಿನ ತಟ್ಟೆಗೆ ಗೋಡೆಯ ಮೇಲಿಂದಲೇ ಸುರಿದಳು. ಬಿಕಾಜಾನ್ ಅನಾಬಿಬಿಯ ಕೈಯ ಬರಕ್ ಮಾತ್ರ ತಿನ್ನುತ್ತಾಳಂತೆ ಎಂಬ ಸುದ್ದಿ ಹರಡಿತು. ಅನಾಬಿಬಿಯದೇನು ಮಹಾ ಎಂದು ಬೀದಿಯ ಪ್ರತಿ ಹೆಂಗಸೂ ಹಿಟ್ಟು ನಾದಿದಳು. ಗುರುವಾರ ಬೆಳಿಗ್ಗೆ ನಾಲ್ಕು ತಟ್ಟೆ, ಸಂಜೆ ಮೂರು. ಶುಕ್ರವಾರ ಸಂಜೆಯೊಳಗೆ ಇನ್ನೂ ಐದು. “ನಂದು ತಿಂದ್ರಾ?” “ಯಾರದ್ದು ಚೆನ್ನಾಗಿದೆ ಅಂದ್ರು?” ಎಂದು ಬಾಗಿಲಲ್ಲಿ ಪಿಸುಮಾತು. ಮತ್ನಿಯಾಜ್ ಗಂಭೀರವಾಗಿ ಒಳಗೆ ಹೋಗಿ ಬಂದು ಉತ್ತರ ಹೇಳುತ್ತಿದ್ದ. “ಅಂಚು ಸ್ವಲ್ಪ ದಪ್ಪ ಆಯ್ತಂತೆ.” ಹಾಗೆ ಹೇಳಿಸಿಕೊಂಡವಳು ಸಂಜೆ ಇನ್ನೂ ತೆಳ್ಳಗೆ ಲಟ್ಟಿಸಿಕೊಂಡು ಬರುತ್ತಿದ್ದಳು. ಪ್ರತಿ ತಟ್ಟೆಯಲ್ಲಿ ಒಂದು ರೋಗಿಗೆ, ಹತ್ತೊಂಬತ್ತು ವೈದ್ಯನಿಗೆ. ವೈದ್ಯನ ನಡುಕಟ್ಟು ಎರಡು ಸಲ ಸಡಿಲವಾಯಿತು.

ಆ ಸೀಮೆಯಲ್ಲಿ ಒಂದು ನಿಯಮವಿದೆ. ತುಂಬಿ ಬಂದ ತಟ್ಟೆ ಖಾಲಿ ಹಿಂದಿರುಗಬಾರದು. ಗೋಡೆಯ ಬಳಿ ಹದಿಮೂರು ತಟ್ಟೆ ಒಂದರ ಮೇಲೊಂದು ಕುಳಿತು ಮತ್ನಿಯಾಜನ ಕಡೆ ನೋಡುತ್ತಿದ್ದವು. ಅವನು ಅವುಗಳ ಕಡೆ ನೋಡಲಿಲ್ಲ.

ಶುಕ್ರವಾರ ಸಂಜೆ, ಕೊನೆಯ ಮಾತ್ರೆ ಇಳಿದು ತೋಜ್ಲಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟ ಹೊತ್ತಿಗೆ, ಆರೋಗ್ಯ ಕೇಂದ್ರದ ದಾದಿ ಒಗುಲ್‌ಜಾನ್ ಚೀಲ ಹಿಡಿದು ಬಂದಳು. ಪಡಸಾಲೆಯವರೆಗೆ ಬಂದವಳನ್ನು ಮತ್ನಿಯಾಜ್ ಶಾಪದ ಮಾತು ಹೇಳಿ ತಡೆದ.

“ನನ್ನ ಇಲಾಕೆಯಲ್ಲಿ ಕಾಯಿಲೆ ಬಿದ್ದೋರ ಜ್ವರ ನಾನು ಬರೀದಿದ್ರೆ ಮೇಲಿನವರು ನನ್ನ ಬಿಡ್ತಾರಾ ಅಣ್ಣಾ? ಒಳಗೆ ಬಿಡಲ್ಲ ಅಂದ್ರೆ ಹೋಗ್ಲಿ. ತಗೊಳ್ಳಿ ಇದನ್ನ, ಕಂಕುಳಲ್ಲಿ ಹತ್ತು ನಿಮಿಷ ಇಟ್ಟು ತನ್ನಿ.”

ಮತ್ನಿಯಾಜ್ ಜ್ವರದ ಕಡ್ಡಿ ಹಿಡಿದು ಹಿಂಬಾಗಿಲಿನಿಂದ ಕೊಟ್ಟಿಗೆಗೆ ಹೋಗಿ ಯೋಚಿಸಿದ. ತನ್ನ ಕಂಕುಳಲ್ಲಿಟ್ಟುಕೊಂಡರೆ ಅದು ಮೋಸ. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಸುವವನು ಅವನಲ್ಲ. ಈ ಮನೆಯಲ್ಲಿ ಕಾಯಿಲೆ ಯಾರಿಗೋ ಅವರ ಜ್ವರವನ್ನೇ ಕೊಡುವುದು ನ್ಯಾಯ. ಹೀಗೆಂದು ತೀರ್ಮಾನಿಸಿ ಕಡ್ಡಿಯನ್ನು ತೋಜ್ಲಿಯ ರೆಕ್ಕೆಯಡಿ ಇಟ್ಟು, ಹತ್ತು ನಿಮಿಷ ಪ್ರಾಮಾಣಿಕವಾಗಿ ಹಿಡಿದುಕೊಂಡ.

ಬಾತುಗಳ ಮೈ ಹುಟ್ಟಿನಿಂದಲೇ ಕಾದ ಕಾವಲಿ. ಆದರೆ ಬಾಲದ ಕಡೆ ನಿಂತು ಕಲಿತವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಒಗುಲ್‌ಜಾನ್ ಕಡ್ಡಿಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಒರೆಸಿ ಮತ್ತೆ ನೋಡಿದಳು.

“ಮೂವತ್ತೇಳು ಇರ್ಬೇಕಾದ್ದು ನಲವತ್ತೊಂದೂ ಮುಕ್ಕಾಲು! ಅಣ್ಣಾ, ಈ ಜ್ವರಕ್ಕೆ ಮನುಷ್ಯರು ಉಳಿಯಲ್ಲ! ಎಚ್ಚರ ಇದೆಯಾ? ಮಾತಾಡ್ತಿದಾರಾ?”

“ಆಗಾಗ ಕೂಗ್ತಾರೆ.”

“ಊಟ?”

“ಚೆನ್ನಾಗಿದೆ. ಅಗಿಯಲ್ಲ, ಹಾಗೇ ನುಂಗಿಬಿಡ್ತಾರೆ.”

“ದೇವರೇ! ಮೈಮೇಲೆ ಪ್ರಜ್ಞೆ?”

“ಈಗ ಎಷ್ಟೋ ವಾಸಿ ಕಣಮ್ಮ. ಬೆಳಿಗ್ಗೆ ತೊಟ್ಟಿಗಿಳಿದು ಈಜಿದ್ರು.”

ಒಗುಲ್‌ಜಾನ್ ಚೀಲವನ್ನು ಅಲ್ಲೇ ಬಿಟ್ಟು ಊರ ಹಿರಿಯ ಯುಲ್ದಾಶಜ್ಜನ ಮನೆಗೆ ಓಡಿದಳು. ಬಿಕಾಜಾನ್‌ಗೆ ಜ್ವರ ತಲೆಗೇರಿದೆ, ತಣ್ಣೀರಿಗೆ ಹಾರಿದ್ದಾಳೆ, ಬೆಳಗಾಗುವುದು ಕಷ್ಟ ಎಂದಳು.

ಶನಿವಾರ ಬೆಳಿಗ್ಗೆ ಮತ್ನಿಯಾಜ್ ಎದ್ದು ಬಾಗಿಲು ತೆಗೆದಾಗ ಬೀದಿಯೆಲ್ಲ ಅವನ ಮನೆಯ ಮುಂದಿತ್ತು. ಗಂಡಸರು ಗದ್ದೆ ಬಿಟ್ಟು, ಕೆಸರುಗಾಲಿನಲ್ಲೇ ಬಂದು, ಗೋಡೆಯುದ್ದಕ್ಕೂ ಸಾಲಾಗಿ ಕುಳಿತಿದ್ದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅನಾಬಿಬಿಯಂತೂ, “ಕೊನೆಗೂ ನನ್ನ ಬರಕ್ ತಿಂದೇ ಹೋಗ್ತಿದಾರಲ್ಲ” ಎಂದು ಬಿಕ್ಕುತ್ತಿದ್ದಳು. ನಡುವೆ ಬಿಳಿಗಡ್ಡದ ಯುಲ್ದಾಶಜ್ಜ. ಅವನ ಪಕ್ಕದಲ್ಲಿ ದೊಡ್ಡಳಿಯ ಕುರ್ಬಾನ್‌ಬಾಯ್, ಕೈಯಲ್ಲಿ ಮಡಚಿದ ಕಾಗದ ಮತ್ತು ಶಾಯಿಯ ಡಬ್ಬಿ.

“ಮಗಾ,” ಎಂದ ಯುಲ್ದಾಶಜ್ಜ, “ಶಾಪ ಹಾಕಿದ್ರೂ ಸರಿ, ನಾವು ಒಳಗೆ ಹೋಗಿ ಪ್ರಾರ್ಥನೆ ಮಾಡ್ಲೇಬೇಕು.”

“ಅದಕ್ಕೂ ಮುಂಚೆ ಒಂದು ಹೆಬ್ಬೆಟ್ಟು,” ಎಂದ ಕುರ್ಬಾನ್‌ಬಾಯ್. “ಗದ್ದೆ ವಿಷಯ ಬಾಯಿಮಾತಲ್ಲಿ ಉಳೀಬಾರದು ಅಜ್ಜ. ಜೀವ ಇರೋವಾಗ್ಲೇ ಆಗಿಬಿಡ್ಲಿ.”

“ಅತ್ತೆ ಒಳಗಿಲ್ಲ,” ಎಂದ ಮತ್ನಿಯಾಜ್.

“ಅಯ್ಯೋ, ಹೋಗೇಬಿಟ್ರಾ!” ಎಂದು ಹೆಂಗಸರ ಕಡೆಯಿಂದ ಒಂದು ಕೂಗೆದ್ದಿತು. ಅದು ಇನ್ನೊಂದಾಗಿ, ಹತ್ತಾಗಿ, ಬೀದಿಯ ಕೊನೆಯವರೆಗೂ ಹೋಯಿತು. ಯುಲ್ದಾಶಜ್ಜ ಸತ್ತವರ ಪ್ರಾರ್ಥನೆಗೆ ಎರಡೂ ಅಂಗೈ ಎತ್ತಿದ. ಗಂಡಸರೂ ಎತ್ತಿದರು. ಎಲ್ಲರ ಕೈಯೂ ಮೇಲಿರುವುದನ್ನು ಕಂಡು ಮತ್ನಿಯಾಜ್ ತಾನೂ ಎತ್ತಿದ.

ಆ ಹೊತ್ತಿಗೆ ಧೂಳೆಬ್ಬಿಸುತ್ತ ಒಂದು ಕಾರು ಬಂದು ನಿಂತಿತು. ಮುಂದಿನ ಬಾಗಿಲು ತೆರೆದು ಬಿಕಾಜಾನ್ ಇಳಿದಳು. ಹೊಸ ರೇಷ್ಮೆ ವಸ್ತ್ರ, ಕೈಯಲ್ಲಿ ಮದುವೆಮನೆಯ ಸಿಹಿಯ ಗಂಟು. ಹಿಂದಿನಿಂದ ಸನೋಬರ್.

ಬಿಕಾಜಾನ್ ಎತ್ತಿದ ಕೈಗಳನ್ನೆಲ್ಲ ಒಂದು ಸಲ ನೋಡಿ ತಾನೂ ಅಂಗೈ ಎತ್ತಿ, ಮುಖ ಸವರಿಕೊಂಡು, ಮೆಲ್ಲಗೆ ಕೇಳಿದಳು. “ಯಾರು ಹೋದದ್ದು?”

ಯುಲ್ದಾಶಜ್ಜನಿಗೆ ಎಂಬತ್ತು ವರ್ಷದಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳುವ ಪ್ರಸಂಗ ಬಂದಿರಲಿಲ್ಲ. “ನೀವೇ ಕಣಮ್ಮ,” ಎಂದ.

ಅಳುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ‘ಪಟ್, ಪಟ್’ ಎಂದು ಒದ್ದೆ ಅಂಗಾಲಿನ ಸದ್ದು ಬಂತು. ತೋಜ್ಲಿ ಜುಟ್ಟು ಅಲ್ಲಾಡಿಸುತ್ತ, ಸೊಂಟ ತಿರುವುತ್ತ, ಎರಡೂ ಕಾಲನ್ನು ಸಮವಾಗಿ ಊರುತ್ತ ಅಂಗಳ ದಾಟಿತು. ಮತ್ನಿಯಾಜನ ಕಾಲ ಸಂದಿನಿಂದ ಹೊರಬಂದು, ಹೊಸ್ತಿಲಿನಿಂದ ಕೆಳಗೆ ಹಾರಿ, ನೇರ ಬಿಕಾಜಾನಳ ಮುಂದೆ ನಿಂತು ಕತ್ತೆತ್ತಿ ಕೂಗಿತು.

“ಅಣ್ಣಾ,” ಎಂದಳು ಒಗುಲ್‌ಜಾನ್ ತಡೆತಡೆದು, “ಆ ನಲವತ್ತೊಂದೂ ಮುಕ್ಕಾಲು...”

“ರೋಗಿ ಇವರೇ,” ಎಂದ ಮತ್ನಿಯಾಜ್ ತೋಜ್ಲಿಯ ಕಡೆ ಕೈ ತೋರಿಸಿ. “ನಾನು ಸರ್ಕಾರಕ್ಕೆ ಸುಳ್ಳು ಹೇಳಿಲ್ಲ.”

ಬಿಕಾಜಾನ್ ಬಾತನ್ನೆತ್ತಿ ಅಂಗಾಲು ನೋಡಿದಳು. ವಾಸಿಯಾಗಿತ್ತು. ತೆರೆದ ಬಾಗಿಲಿನಾಚೆ ಗೋಡೆಯ ಬಳಿಯ ತಟ್ಟೆಗಳನ್ನು ನೋಡಿದಳು. ಸೇರಿದ ಜನವನ್ನು ನೋಡಿದಳು. ಐದು ದಿನದಲ್ಲಿ ನಡೆದದ್ದೆಲ್ಲ ಅವಳಿಗೆ ಐದು ಉಸಿರಿನಲ್ಲಿ ತಿಳಿಯಿತು. ಈಗ ಬೈಗುಳದ ಮಳೆ ಸುರಿಯುತ್ತದೆಂದು ಸನೋಬರ್ ಕಣ್ಣು ಮುಚ್ಚಿಕೊಂಡಳು.

“ಇವರೆಲ್ಲ ನನಗೋಸ್ಕರ ಅತ್ರಾ?” ಎಂದು ಕೇಳಿದಳು ಬಿಕಾಜಾನ್.

“ಅತ್ರು ಅತ್ತೆ. ಅನಾಬಿಬಿಯಕ್ಕ ತುಂಬಾ.”

“ತಟ್ಟೆ ಎಷ್ಟು?”

“ಹದಿಮೂರು.”

ಬಿಕಾಜಾನಳ ಮುಖ ಸ್ವಲ್ಪ ಅರಳಿತು. ಬದುಕಿರುವಾಗ ಹದಿಮೂರು ತಟ್ಟೆಯ ಮರ್ಯಾದೆ ಕಂಡ ಮುದುಕಿಯರು ಕಾಲುವೆಯ ಆ ದಂಡೆಯಲ್ಲೂ ಇರಲಿಲ್ಲ. ಅವಳ ಕಣ್ಣು ಸಾಲಿನುದ್ದಕ್ಕೂ ಹೋಗಿ ಕುರ್ಬಾನ್‌ಬಾಯಿಯ ಮೇಲೆ ನಿಂತಿತು.

“ಇವರದ್ಯಾವುದು ಇದರಲ್ಲಿ?”

ಕುರ್ಬಾನ್‌ಬಾಯ್ ಶಾಯಿಯ ಡಬ್ಬಿಯನ್ನು ಬೆನ್ನಹಿಂದೆ ಸರಿಸಿದ. “ಅತ್ತೆ, ಸುದ್ದಿ ಕೇಳಿ ಗಾಬರಿಯಲ್ಲಿ ಓಡಿಬಂದೆ...”

“ಗಾಬರಿಯಲ್ಲಿ ರೊಟ್ಟಿ ಮರೆತ್ರಿ, ಶಾಯಿ ಮರೀಲಿಲ್ಲ,” ಎಂದಳು ಬಿಕಾಜಾನ್. “ಹೋಗಿ. ನಾನು ನಿಜವಾಗ್ಲೂ ಸಾಯೋವಾಗ ಹೇಳಿ ಕಳಿಸ್ತೀನಿ, ಆವಾಗ ಒಂದು ತಟ್ಟೆ ತನ್ನಿ.” ಆಮೇಲೆ ಚಿಕ್ಕಳಿಯನ ಕಡೆ ತಿರುಗಿದಳು. “ಗದ್ದೆ ನಿಮಗೆ. ಮಾತು ಅಂದ್ರೆ ಮಾತು. ಬಾತು ನಡೀತು, ನಾನು ಕಂಡೆ. ಆದ್ರೆ ನನ್ನ ಹೆಸರಲ್ಲಿ ತಿಂದದ್ದನ್ನ ನೀವೇ ತೀರಿಸಬೇಕು. ಹದಿಮೂರು ತಟ್ಟೆ, ಹದಿಮೂರರಲ್ಲೂ ತುಖುಮ್ ಬರಕ್. ಸನೋಬರ್, ಹಿಟ್ಟಿಗೆ ಕೈ ಹಚ್ಚಿದ್ಯೋ, ಜೋಕೆ!”

“ನಾನ್ಯಾಕೆ ಹಚ್ಲಿ?” ಎಂದಳು ಸನೋಬರ್ ಕಣ್ಣು ತೆರೆದು, ಅಂಗಳದಲ್ಲಿ ಪುಕ್ಕ ಮೆತ್ತಿಕೊಂಡು ಬಿದ್ದಿದ್ದ ಕೋಟನ್ನು ಕಂಡು. “ಐದು ದಿನ ಇಲ್ದಿದ್ದಕ್ಕೇ ನನ್ನ ಹತ್ತಿಕೋಟನ್ನ ಬಾತಿಗೆ ಉಡಿಸಿದ್ದಾರೆ.”

“ಅದೇನು ದೊಡ್ಡ ವಿಷಯ ಬಿಡಿ ಅತ್ತೆ,” ಎಂದ ಮತ್ನಿಯಾಜ್.

ಆ ಸಂಜೆಯೇ ನಾಲ್ಕು ತನಪಿನಲ್ಲೂ ಮೊಳಕೆಬತ್ತ ಎರಚಿಯಾಯಿತು. ಮರುದಿನದಿಂದ ಬರಕ್. ಮೊದಲ ದಿನದ ಮೊಟ್ಟೆ ಹಿಟ್ಟಿನ ಚೀಲಕ್ಕಿಂತ ಹೆಚ್ಚಾಗಿ ಒಲೆಗೆ ಹೋಯಿತು. ಎರಡನೆಯ ದಿನದ ಅಂಚು ಚಪ್ಪಲಿಯಷ್ಟು ದಪ್ಪವಿತ್ತು. ನಾಲ್ಕನೆಯ ದಿನದಿಂದ ತಟ್ಟೆಗಳು ಒಂದೊಂದಾಗಿ ಗೋಡೆ ದಾಟತೊಡಗಿದವು. “ಅಂಚು ಸ್ವಲ್ಪ ದಪ್ಪ ಆಯ್ತು ಮತ್ನಿಯಾಜಣ್ಣ,” ಎಂದು ಪ್ರತಿ ಬಾಗಿಲಿನಲ್ಲೂ ಹೆಂಗಸರು ಅವನದೇ ಮಾತನ್ನು ಅವನಿಗೆ ಬಡಿಸಿದರು. ಬದುವಿನ ಮೇಲೆ ಕುಳಿತ ಗಂಡಸರಿಗೆ ಅವನು, “ಬರಕ್ ಮಾಡೋದು ಒಂದು ವಿದ್ಯೆ ಕಣ್ರಯ್ಯಾ,” ಎಂದು ವಿವರಿಸಿದ.

ಬಿಕಾಜಾನ್ ತೋಜ್ಲಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಊರಿಗೆ ಹೋದಳು. ಮೂರೇ ದಿನಕ್ಕೆ ಅದೇ ಬುಟ್ಟಿಯೊಂದಿಗೆ ವಾಪಸ್ಸು ಬಂದಳು. ರೊಟ್ಟಿ ಕೊಟ್ಟರೆ ಮುಖ ತಿರುಗಿಸುತ್ತದೆ, ಹುಳ ಕೊಟ್ಟರೆ ಮುಖ ತಿರುಗಿಸುತ್ತದೆ, ಬರಕ್ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. “ಕಲಿಸಿದೋರೇ ಸಾಕಿ,” ಎಂದು ಅಂಗಳದಲ್ಲಿ ಇಳಿಸಿ, ಶುಕ್ರವಾರಕ್ಕೊಮ್ಮೆ ಬಂದು ನೋಡಿ ಹೋಗುವುದಾಗಿ ಹೇಳಿದಳು.

ಹನ್ನೆರಡು ತಟ್ಟೆಯ ಋಣ ತೀರಿತು. ಅನಾಬಿಬಿಯ ನೀಲಿ ಅಂಚಿನದು ಮಾತ್ರ ಇನ್ನೂ ಮತ್ನಿಯಾಜನ ಮನೆಯಲ್ಲೇ ಇದೆ. ಅವನು ಅದನ್ನು ತುಂಬಿಸದೆ ಬಿಟ್ಟಿಲ್ಲ. ಬತ್ತ ತೆನೆಗಟ್ಟುವವರೆಗೂ ದಿನ ಬಿಟ್ಟು ದಿನ ತುಂಬಿಸಿದ್ದಾನೆ. ಆದರೆ ಅದು ತೋಜ್ಲಿ ಮೊದಲ ಬರಕ್ ಕಂಡ ತಟ್ಟೆ. ತುಂಬಿಸಿ, ಬಟ್ಟೆ ಮುಚ್ಚಿ, ಗೋಡೆಯ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ‘ಪಟ್, ಪಟ್’ ಎಂದು ಸದ್ದಾಗುತ್ತದೆ.

“ತಮ್ಮಾ, ನನ್ನ ತಟ್ಟೆ?” ಎಂದು ಅನಾಬಿಬಿ ಗೋಡೆಯ ಮೇಲಿಂದ ಕತ್ತು ಹಾಕುತ್ತಾಳೆ.

“ಖಾಲಿ ತಟ್ಟೆ ಕೊಡಬಾರದಲ್ಲಕ್ಕಾ,” ಎನ್ನುತ್ತಾನೆ ಮತ್ನಿಯಾಜ್ ಗಂಭೀರವಾಗಿ. ಅವನ ಕಾಲ ಬಳಿ, ಬಿಳಿ ಕುತ್ತಿಗೆಯಲ್ಲಿ, ಕೊನೆ ಬರಕ್ ನಿಧಾನವಾಗಿ ಇಳಿಯುತ್ತಿರುತ್ತದೆ.